ವಿದ್ಯಾರ್ಥಿನಿಲಯಕ್ಕೆ ಹೊರಡುವ ಪೆಟ್ಟಿಗೆ

ಪರೀಕ್ಷೆಯ ಫಲಿತಾಂಶ ಬಂದು, ಕಾಲೇಜಿನಲ್ಲಿ ಪ್ರವೇಶ ದೊರೆತು, ವಿದ್ಯಾರ್ಥಿನಿಲಯದಲ್ಲಿ ಸ್ಥಳವೂ ಗೊತ್ತಾಯಿತೆಂದರೆ ಆ ಮನೆಯವರ ಚಿಂತೆ ತೀರಿತೆಂದು ನೆರೆಹೊರೆಯವರು ಭಾವಿಸುತ್ತಾರೆ. ಆದರೆ ಆ ಚಿಂತೆಯೇ ರೂಪ ಬದಲಿಸಿಕೊಂಡು ನಡುಮನೆಯ ಮೂಲೆಯಲ್ಲಿ ಒಂದು ರಾಶಿಯಾಗಿ ಕುಳಿತುಕೊಳ್ಳುತ್ತದೆ. ಮೊದಲ ದಿನ ಎರಡು ಚಾದರ, ಒಂದು ಟವೆಲು. ಮರುದಿನ ಅಜ್ಜಿಯ ಕಡೆಯಿಂದ ತಾಮ್ರದ ತಂಬಿಗೆ. ಮೂರನೆಯ ದಿನ ಸೋದರಮಾವ ಪೇಟೆಯಿಂದ ತಂದ ಇಸ್ತ್ರಿಪೆಟ್ಟಿಗೆ. ವಾರ ಕಳೆಯುವುದರೊಳಗೆ ರಾಶಿಯು ಹೊರಡುವ ಹುಡುಗನ ಎದೆಮಟ್ಟಕ್ಕೆ ಏರಿರುತ್ತದೆ. "ಇಷ್ಟೆಲ್ಲ ಯಾಕವ್ವಾ?" ಎಂದು ಅವನು ಕೇಳಿದರೆ, "ಇರಲಿ ತಗೋಪಾ, ಅಲ್ಲಿ ಯಾರನ್ನ ಕೇಳಾಂವ ನೀ?" ಎಂಬ ಉತ್ತರ ಸಿದ್ಧವಾಗಿರುತ್ತದೆ. ತಂದೆ ಮಾತ್ರ ರಾಶಿಯನ್ನು ಒಮ್ಮೆ ನೋಡಿ, ಕೈಯಲ್ಲಿಯ ಲೆಕ್ಕದ ಚೀಟಿಯನ್ನು ಒಮ್ಮೆ ನೋಡಿ, ಸುಮ್ಮನೆ ಹೊರಗೆ ನಡೆಯುತ್ತಾರೆ.

ತಾಲೂಕು ಊರೊಂದರ ಹೈಸ್ಕೂಲಿನಲ್ಲಿ ಬಹುಕಾಲದಿಂದ ಕನ್ನಡ ಕಲಿಸುತ್ತಿರುವ ನನಗೆ ಇಂತಹ ರಾಶಿಗಳ ಪರಿಚಯ ಚೆನ್ನಾಗಿದೆ. ನಮ್ಮಲ್ಲಿ ಕಲಿತ ಮಕ್ಕಳು ಮುಂದೆ ಧಾರವಾಡಕ್ಕೋ ಮೈಸೂರಿಗೋ ಮಂಗಳೂರಿಗೋ ಕಲಬುರಗಿಗೋ ಹೊರಡುವಾಗ ಹಿರಿಯರು "ಮಾಸ್ತರ, ಒಂದೀಟು ನೋಡಿ ಹೇಳ್ರಿ" ಎಂದು ಕರೆಯುವುದುಂಟು. ಎಷ್ಟೋ ಮನೆಗಳಲ್ಲಿ ಮೊದಲ ವರ್ಷದ ಪುಸ್ತಕಕ್ಕೆಂದು ಕೂಡಿಸಿಟ್ಟ ಹಣವೇ ಈ ರಾಶಿಗೆ ಕರಗಿಹೋಗುವುದನ್ನು ಕಂಡಿದ್ದೇನೆ. ಆದುದರಿಂದ ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಪೆಟ್ಟಿಗೆಯಲ್ಲಿ ಏನಿರಬೇಕೆಂಬುದನ್ನು ಮನೆಯವರ ಭಯಕ್ಕೆ ಬಿಟ್ಟುಕೊಡಬಾರದು. ಇರುವ ಕೋಣೆಯ ಅಳತೆ, ಹೋಗುವ ಊರಿನ ಹವೆ, ಆ ನಿಲಯದ ನಿಯಮ, ಈ ಮೂರನ್ನು ಕೇಳಿ ತಿಳಿದುಕೊಂಡು ಅನಂತರ ಪೇಟೆಗೆ ಹೋಗಬೇಕು. ಪೆಟ್ಟಿಗೆಯನ್ನು ತುಂಬಬೇಕಾದವರು ಹೊರಡುವ ಹುಡುಗ ಅಥವಾ ಹುಡುಗಿಯೇ.

ಮೊದಲು ಕೋಣೆ. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಕೋಣೆಯಲ್ಲಿ ಮೂವರು ಇರುವರೆಂದು ಇಟ್ಟುಕೊಳ್ಳಿರಿ. ಒಟ್ಟು ೧೨೦ ಚದರಡಿ. ಆರಡಿ ಉದ್ದ ಮೂರಡಿ ಅಗಲದ ಮಂಚ ೧೮ ಚದರಡಿಯನ್ನು ನುಂಗುತ್ತದೆ. ಮೂರು ಮಂಚಕ್ಕೆ ೫೪. ಮೂರಡಿಗೆ ಎರಡಡಿಯ ಮೇಜುಗಳು ಮೂರು, ಅವಕ್ಕೆ ೧೮. ಉಳಿದದ್ದು ೪೮. ಬಾಗಿಲು ತೆರೆಯುವ ಜಾಗ, ಕುರ್ಚಿ ಎಳೆಯುವ ಜಾಗ, ಓಡಾಡುವ ಜಾಗ ಎಲ್ಲವೂ ಇದರಲ್ಲಿಯೇ ಆಗಬೇಕು. ತಲೆಗೆ ೧೬ ಚದರಡಿಗಿಂತ ಹೆಚ್ಚಿಲ್ಲ, ಅಂದರೆ ನಾಲ್ಕಡಿಗೆ ನಾಲ್ಕಡಿ. ಈ ಲೆಕ್ಕವನ್ನು ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು ತೋರಿಸಿದ ಮೇಲೆ ಒಂದು ಮನೆಯಲ್ಲಿ ಮಡಿಸುವ ಕುರ್ಚಿ, ಬಟ್ಟೆ ತೂಗಹಾಕುವ ಸ್ಟ್ಯಾಂಡು ಮತ್ತು ಗೋಡೆಗಡಿಯಾರ ಇವು ಮಾತಿಲ್ಲದೆ ರಾಶಿಯಿಂದ ಇಳಿದುಹೋದವು. ನಿಮ್ಮ ಸಾಮಾನು ಮಂಚದ ಕೆಳಗೆ ಹೋಗದಿದ್ದರೆ ಸಹವಾಸಿಯ ಕಾಲಿಗೆ ತೊಡರುತ್ತದೆ. ಮೊದಲ ವಾರದ ಮನಸ್ತಾಪಗಳು ಬಹುಮಟ್ಟಿಗೆ ಇಲ್ಲಿಯೇ ಹುಟ್ಟುವುವು.

ಓದಲು ಮನೆ ಬಿಟ್ಟು ಹೋಗುವುದು ನಮ್ಮ ನಾಡಿಗೆ ಹೊಸತಲ್ಲ. ಸಾಮಾನಿನ ಪಟ್ಟಿಯೂ ಹೊಸತಲ್ಲ. ಗುರುಕುಲಕ್ಕೆ ಹೋಗುವ ಬ್ರಹ್ಮಚಾರಿಗೆ ದಂಡ, ಮೇಖಲೆ, ಅಜಿನಗಳನ್ನು ಧರ್ಮಶಾಸ್ತ್ರಗಳು ಹೇಳಿದವು. ಗುರುವಿನ ಬಳಿಗೆ ಸಮಿತ್ತನ್ನು ಹಿಡಿದು ಹೋಗಬೇಕೆಂಬುದು ಉಪನಿಷತ್ತುಗಳ ಕಾಲದ ಪದ್ಧತಿ. ಅಂದರೆ ಕೈಯಲ್ಲಿದ್ದ ಒಂದು ವಸ್ತುವೂ ತನಗಾಗಿ ಒಯ್ದದ್ದಲ್ಲ. ಬೌದ್ಧ ಭಿಕ್ಷುವಿಗೆ ಎಂಟೇ ಪರಿಕರಗಳು: ಮೂರು ಚೀವರ, ಭಿಕ್ಷಾಪಾತ್ರೆ, ಸೊಂಟದ ಪಟ್ಟಿ, ಕ್ಷೌರದ ಕತ್ತಿ, ಸೂಜಿ, ನೀರು ಸೋಸುವ ಬಟ್ಟೆ. ಎಲ್ಲವನ್ನೂ ತ್ಯಜಿಸಿ ಹೊರಟವನ ಗಂಟಿನಲ್ಲಿಯೂ ಸೂಜಿಗೆ ಸ್ಥಾನವಿತ್ತೆಂಬುದನ್ನು ಗಮನಿಸಿರಿ. ಇಂದಿನ ರಾಶಿಗಳಲ್ಲಿ ನಾನು ಸಾಮಾನ್ಯವಾಗಿ ಕಾಣದ ವಸ್ತು ಅದೊಂದೇ. ಕಪ್ಪು ಬಿಳಿ ದಾರದ ಎರಡು ಉಂಡೆ, ನಾಲ್ಕು ಗುಂಡಿ, ಎರಡು ಸೂಜಿ, ಬೆಂಕಿಪೊಟ್ಟಣದಲ್ಲಿ ಹಿಡಿಯುವಷ್ಟು. ಗುಂಡಿ ಹಚ್ಚಿಕೊಳ್ಳಲು ಮಗಳಿಗಷ್ಟೇ ಅಲ್ಲ, ಮಗನಿಗೂ ಹೊರಡುವ ಮೊದಲು ಕಲಿಸಿರಿ. ವಾರಾನ್ನದ ಕಾಲದ ವಿದ್ಯಾರ್ಥಿಗೆ ತಟ್ಟೆಯೂ ಬೇಕಾಗಿರಲಿಲ್ಲ, ವಾರದ ಏಳು ದಿನ ಏಳು ಮನೆ. ಮುಂದೆ ಮಠಗಳೂ ಸಮಾಜಗಳೂ ಉಚಿತ ಪ್ರಸಾದನಿಲಯಗಳನ್ನು ತೆರೆದವು. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗೆಗಳ ಹೆಸರನ್ನು ಕೇಳದವರು ಯಾರು? ಅಲ್ಲಿ ಉಂಡು ಓದಿ ಮೇಲೆ ಬಂದವರು ಎಷ್ಟೋ ಮಂದಿ. ಅವರು ಹೋಗುವಾಗ ಹೊತ್ತುಕೊಂಡು ಹೋದದ್ದು ಬಹಳ ಕಡಿಮೆ.

ಇನ್ನು ನಿಯಮಗಳ ವಿಷಯ. ಪ್ರವೇಶಕ್ಕೆಂದು ಹೋದ ದಿನವೇ ನಿಲಯಪಾಲಕರನ್ನು ಕಂಡು ಕೇಳಿರಿ. ಮಂಚವುಂಟೆ? ಗಾದಿ ಕೊಡುವರೆ? ಊಟದ ತಟ್ಟೆ ಲೋಟ ಅವರವೋ ನಮ್ಮವೋ? ಬಿಸಿನೀರು ಯಾವ ಹೊತ್ತಿಗೆ? ಬಟ್ಟೆ ಒಣಹಾಕುವುದೆಲ್ಲಿ? ಸರಕಾರದ ನಿಲಯಗಳು, ಕಾಲೇಜಿನ ಸ್ವಂತ ನಿಲಯಗಳು, ಖಾಸಗಿಯವರು ಹಣಕ್ಕೆ ನಡೆಸುವ ವಸತಿಗೃಹಗಳು, ಇವುಗಳ ವ್ಯವಸ್ಥೆ ಒಂದರಂತೆ ಒಂದಿರುವುದಿಲ್ಲ. ಹಿಂದಿನ ವರ್ಷ ಹೋದ ನೆರೆಮನೆಯ ಹುಡುಗನ ಮಾತನ್ನು ನಂಬಿ ಗಾದಿ ಕೊಂಡವರು ಅದನ್ನು ಬಸ್ಸಿನ ಮೇಲೆ ಹೇರಿಕೊಂಡು ಹಿಂದಕ್ಕೆ ತಂದದ್ದನ್ನೂ ನೋಡಿದ್ದೇನೆ.

ಬಹಳಷ್ಟು ನಿಲಯಗಳಲ್ಲಿ ನೀರು ಕಾಯಿಸುವ ವಿದ್ಯುತ್ ಕಾಯಿಲನ್ನೂ ಒಲೆಯನ್ನೂ ನಿಷೇಧಿಸಿರುತ್ತಾರೆ. ಇದು ನಿಲಯಪಾಲಕರ ಹಟವೆಂದು ಮಕ್ಕಳು ಗೊಣಗುವರು. ಕಾರಣವನ್ನು ಸ್ವಲ್ಪ ಬಿಡಿಸಿ ನೋಡೋಣ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ೨೩೦ ವೋಲ್ಟಿನದು. ೧೫೦೦ ವ್ಯಾಟಿನ ಕಾಯಿಲನ್ನು ಹಚ್ಚಿದರೆ ಅದು ಆರೂವರೆ ಆಂಪಿಯರಿನಷ್ಟು ವಿದ್ಯುತ್ತನ್ನು ಎಳೆಯುತ್ತದೆ. ಮೇಜಿನ ಬಳಿಯಿರುವ ಸಣ್ಣ ಪ್ಲಗ್ಗನ್ನು ಮಾಡಿರುವುದು ೬ ಆಂಪಿಯರಿಗೆ. ಒಂದು ಸಾಲಿನ ನಾಲ್ಕು ಕೋಣೆಗಳಲ್ಲಿ ಬೆಳಗಿನ ಐದೂವರೆಗೆ ನಾಲ್ಕು ಕಾಯಿಲು ಹತ್ತಿದವೆಂದರೆ ತಂತಿ ಕಾಯ್ದು, ಫ್ಯೂಸು ಹೋಗಿ, ಪರೀಕ್ಷೆಯ ದಿನ ಇಡೀ ಸಾಲು ಕತ್ತಲೆಯಲ್ಲಿ ಕೂಡಬೇಕಾದೀತು. ಅದು ಸಣ್ಣ ತೊಂದರೆ. ತಗಡಿನ ಬಕೀಟಿನಲ್ಲಿ ಕಾಯಿಲನ್ನಿಟ್ಟು, ನೀರು ಕಾಯ್ದಿದೆಯೋ ಎಂದು ಬೆರಳು ಅದ್ದಿ ನೋಡುವವನಿಗೆ ಆಗಬಹುದಾದದ್ದು ದೊಡ್ಡದು. ಫೋನಿನ ಚಾರ್ಜರು, ಓದುವ ದೀಪ, ಲ್ಯಾಪ್‌ಟಾಪು ಇವು ಕಾಯಿಲಿನ ಮುಂದೆ ಎಷ್ಟರವು! ಅವಕ್ಕೆ ಯಾರೂ ಬೇಡವೆನ್ನುವುದಿಲ್ಲ. ಒಂದು ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡು ಒಯ್ಯುವುದು ಯೋಗ್ಯ. ಮೂವರಿಗೆ ಒಂದೇ ಪ್ಲಗ್ಗಿರುವ ಕೋಣೆಯಲ್ಲಿ ಅದನ್ನು ತಂದವನೇ ಮೊದಲ ದಿನದ ಗೆಳೆಯ.

ಹವೆಯ ಮಾತಿಗೆ ಬರೋಣ. ನಮ್ಮ ರಾಜ್ಯ ಒಂದೇ ಆದರೂ ಹವೆ ಒಂದೇ ಅಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳಲ್ಲಿ, ಅಂದರೆ ನಿಮ್ಮ ಮಗ ಹೋಗಿ ಇಳಿಯುವ ಹೊತ್ತಿಗೆ ಸರಿಯಾಗಿ. ಅಲ್ಲಿ ದಪ್ಪ ಹತ್ತಿಯ ಬಟ್ಟೆ ಮೂರು ದಿನವಾದರೂ ಒಣಗದು. ತೊಗಲಿನ ಚಪ್ಪಲಿಗೂ ಬೆಲ್ಟಿಗೂ ಬೂಸರು ಹಿಡಿಯುವುದು. ಅಂತಹ ಊರಿಗೆ ತೆಳುವಾದ ಬಟ್ಟೆ, ರಬ್ಬರಿನ ಚಪ್ಪಲಿ, ಒಳಗೆ ಕಟ್ಟಿಕೊಳ್ಳಲು ಹತ್ತು ಮಾರು ಹಗ್ಗ, ಗಟ್ಟಿ ಕೊಡೆ ಬೇಕು. ಒಳಬಟ್ಟೆಗಳನ್ನು ಎರಡು ಜೊತೆ ಹೆಚ್ಚೇ ಇಡಿರಿ. ಕಲಬುರಗಿಗೆ ಹೋಗುವವನ ಕಥೆ ಬೇರೆ. ಬೇಸಗೆಯಲ್ಲಿ ಅಲ್ಲಿ ಬಿಸಿಲು ೪೦ ಡಿಗ್ರಿಯನ್ನು ದಾಟುತ್ತದೆ. ಅವನಿಗೆ ನೀರಿನ ದೊಡ್ಡ ಬಾಟಲಿಯೂ ತಲೆಗೆ ಸುತ್ತಲು ಹತ್ತಿಯ ವಸ್ತ್ರವೂ ಬೇಕೇ ಹೊರತು ಉಣ್ಣೆಯ ಕೋಟಲ್ಲ. ಧಾರವಾಡದ ಮಳೆ ಮಂಗಳೂರಿನಷ್ಟು ಅಬ್ಬರದ್ದಲ್ಲ. ಜಿಟಿಜಿಟಿ ಹಿಡಿದರೆ ಬಿಡದು, ಜೊತೆಗೆ ತಂಪುಗಾಳಿ. ಮೈಸೂರಿನವರು ಸುಖಿಗಳು, ಹೆಚ್ಚು ಹೇಳಬೇಕಾದದ್ದಿಲ್ಲ.

ಹೊದಿಕೆಯ ವಿಷಯದಲ್ಲಿ ನನಗೆ ಒಂದು ಪಕ್ಷಪಾತವಿದೆ. ಅಂಗಡಿಯಲ್ಲಿ ಜರಿಕಾಗದ ಸುತ್ತಿ ಮಾರುವ ದಪ್ಪ ರಜಾಯಿಗಿಂತ ನಮ್ಮ ಕಂಬಳಿ ಮೇಲು. ಚಳ್ಳಕೆರೆಯ ಕಡೆಯ ಕಂಬಳಿಯಾಗಲಿ ನಿಮ್ಮ ಸಂತೆಯಲ್ಲಿ ಸಿಕ್ಕುವುದಾಗಲಿ, ಕುರಿಯ ಉಣ್ಣೆಯಲ್ಲಿ ಸಹಜವಾದ ಜಿಡ್ಡಿರುವುದರಿಂದ ಹನಿ ನೀರು ತಟ್ಟನೆ ಒಳಗಿಳಿಯದು. ಸ್ವಲ್ಪ ತೇವವಾದರೂ ಉಣ್ಣೆ ಬೆಚ್ಚಗಿರುತ್ತದೆ, ಹತ್ತಿಯಾದರೆ ತಣ್ಣಗಾಗಿಬಿಡುತ್ತದೆ. ಮೈಗೆ ಚುಚ್ಚುತ್ತದೆನ್ನುವವರು ಒಳಗೆ ಒಂದು ಕೌದಿ ಹೊದೆಯಲಿ. ಹಳೆಯ ಸೀರೆ ಧೋತರಗಳನ್ನು ಪದರು ಪದರಾಗಿ ಸೇರಿಸಿ ಹೊಲಿದ ಕೌದಿ ನಮ್ಮ ಕಡೆಯ ಮನೆಮನೆಯಲ್ಲಿಯೂ ಉಂಟು. ನಮ್ಮ ಶಾಲೆಯಲ್ಲಿ ಕಲಿತ ಹುಡುಗಿಯೊಬ್ಬಳು ಧಾರವಾಡಕ್ಕೆ ಹೋಗುವಾಗ ಕೌದಿ ಒಯ್ಯಲು ಒಪ್ಪಲಿಲ್ಲ. ಕೋಣೆಯ ಉಳಿದಿಬ್ಬರು ಬೆಂಗಳೂರಿನ ಕಡೆಯವರು, ಅವರು ನಕ್ಕಾರೆಂಬ ಅಳುಕು. ತಾಯಿ ಹಟ ಮಾಡಲಿಲ್ಲ. ಮಡಿಸಿ ಪೆಟ್ಟಿಗೆಯ ಮೇಲಿಟ್ಟು, "ನಿನ್ನ ಮನಸ್ಸು ತಂಗೀ" ಎಂದಷ್ಟೇ ಅಂದಳು. ಹುಡುಗಿ ಒಯ್ದಳು. ಆಗಸ್ಟಿನಲ್ಲಿ ಊರಿಗೆ ಬಂದಾಗ ತಾಯಿಯ ಬಳಿ ಇನ್ನೆರಡು ಕೌದಿ ಹೊಲಿಸಲು ಎಷ್ಟಾದೀತೆಂದು ಕೇಳಿದಳಂತೆ, ಆ ಇಬ್ಬರಿಗಾಗಿ.

ಉಡುಪಿನ ಬಗ್ಗೆ ಒಂದು ದೊಡ್ಡವರ ಉದಾಹರಣೆ ಕೊಡುತ್ತೇನೆ. ಮಹಾತ್ಮಾ ಗಾಂಧಿಯವರು ೧೮೮೮ರ ಸೆಪ್ಟೆಂಬರಿನಲ್ಲಿ, ಹತ್ತೊಂಬತ್ತು ತುಂಬುವ ಮೊದಲೇ, ಓದಲು ಇಂಗ್ಲೆಂಡಿಗೆ ಹೊರಟರು. ಗೆಳೆಯರು ಅವರಿಗಾಗಿ ಬಿಳಿಯ ಫ್ಲಾನಲ್ ಉಡುಪನ್ನು ಒದಗಿಸಿದ್ದರು. ಹಡಗಿನಲ್ಲಿ ಕಪ್ಪು ಉಡುಪನ್ನು ತೊಟ್ಟು, ಬಿಳಿಯದನ್ನು ದಡ ಮುಟ್ಟುವ ದಿನಕ್ಕೆಂದು ಕಾದಿರಿಸಿದರು. ಇಳಿದು ನೋಡುತ್ತಾರೆ, ಸೆಪ್ಟೆಂಬರಿನ ಕೊನೆಯ ಆ ದಿನಗಳಲ್ಲಿ ಬಿಳಿ ಉಡುಪಿನವರು ಅವರೊಬ್ಬರೇ! ಬದಲಿಸಿಕೊಳ್ಳೋಣವೆಂದರೆ ಸಾಮಾನನ್ನೂ ಬೀಗದ ಕೈಗಳನ್ನೂ ಒಬ್ಬ ಏಜೆಂಟನ ವಶಕ್ಕೆ ಒಪ್ಪಿಸಿಯಾಗಿತ್ತು. ಅಂದು ಶನಿವಾರ, ಭಾನುವಾರ ಸಾಮಾನು ಸಿಕ್ಕದು. ಆ ನಾಚಿಕೆ ತಮಗೆ ಎಷ್ಟು ಅಸಹನೀಯವಾಗಿತ್ತೆಂಬುದನ್ನು ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. ಇದರಿಂದ ನಮ್ಮ ಮಕ್ಕಳು ತಿಳಿಯಬೇಕಾದದ್ದು ಎರಡುಂಟು. ಹೊಸ ಬಟ್ಟೆಗಳನ್ನೆಲ್ಲ ಹೊರಡುವ ಮೊದಲೇ ಕೊಳ್ಳಬೇಡಿರಿ. ಅಲ್ಲಿಯವರು ಏನು ತೊಡುತ್ತಾರೆಂಬುದನ್ನು ಹದಿನೈದು ದಿನ ಕಂಡು, ಬೇಕಾದರೆ ಅಲ್ಲಿಯೇ ಒಂದೆರಡು ಕೊಂಡರೆ ಸಾಕು. ಒಂದು ಜೊತೆ ಉಡುಪು, ಟವೆಲು, ಹಲ್ಲುಜ್ಜುವ ಸಾಮಗ್ರಿ, ಬೀಗದ ಕೈ ಇವು ಹೆಗಲ ಚೀಲದಲ್ಲಿರಲಿ. ಬಸ್ಸಿನ ಮೇಲೆ ಹೋದ ಪೆಟ್ಟಿಗೆ ಬಸ್ಸಿನೊಡನೆಯೇ ಬರುವುದೆಂಬ ನಿಶ್ಚಯವಿಲ್ಲ.

ಇನ್ನು ಅತ್ಯಂತ ಮುಖ್ಯವಾದದ್ದು, ಆದರೆ ರಾಶಿಯಲ್ಲಿ ಎಲ್ಲಕ್ಕೂ ಕೆಳಗೆ ಬಿದ್ದಿರುವುದು, ಕಾಗದಪತ್ರಗಳ ಚೀಲ. ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಭಾವಚಿತ್ರಗಳು. ಮೂಲಪ್ರತಿಗಳನ್ನು ಕಾಲೇಜಿನವರು ಕೇಳಿದಾಗ ಕೊಡುವ ಮೊದಲು ಪ್ರತಿಯೊಂದಕ್ಕೂ ನಾಲ್ಕು ಝೆರಾಕ್ಸ್ ತೆಗೆಸಿರಿ. ಒಂದು ಕಂತೆ ಮನೆಯಲ್ಲಿ, ಉಳಿದದ್ದು ಮಗನ ಬಳಿ. ಫೋನಿನಲ್ಲಿಯೂ ಚಿತ್ರ ತೆಗೆದಿಟ್ಟುಕೊಳ್ಳಲಿ. ನೇಕಾರರ ಮನೆಯ ಒಬ್ಬ ಜಾಣ ಹುಡುಗನಿಗೆ ವಿದ್ಯಾರ್ಥಿವೇತನದ ಅರ್ಜಿಗೆ ಉಳಿದದ್ದು ಎರಡೇ ದಿನ. ಆದಾಯದ ಪತ್ರ ಮನೆಯ ಕಪಾಟಿನಲ್ಲಿತ್ತು. ಕಪಾಟಿನ ಬೀಗದ ಕೈ ಊರಿಗೆ ಹೋದ ತಂದೆಯ ಬಳಿ ಇತ್ತು. ಆ ವರ್ಷದ ಹಣ ಹೋಯಿತು. ಆ ಮನೆಗೆ ಅದು ಮಗ್ಗದ ಎಷ್ಟೋ ದಿನಗಳ ದುಡಿಮೆ. ತಂದೆ ಆ ಹುಡುಗನಿಗೆ ಕೊಡಿಸಿದ್ದ ಹೊಸ ಸೂಟ್‌ಕೇಸಿನಲ್ಲಿ ಒಂದು ಕಾಗದದ ಚೀಲಕ್ಕೆ ಸ್ಥಳ ಸಾಲದಿರಲಿಲ್ಲ. ಈ ಚೀಲವನ್ನು ಮೊದಲು ಸಿದ್ಧಮಾಡಿ ಆಮೇಲೆ ಚಾದರದ ವಿಚಾರ ಮಾಡಿರಿ.

ಪೆಟ್ಟಿಗೆ ಯಾವುದಿರಬೇಕು? ನಾನು ೧೯೮೮ರಲ್ಲಿ ಧಾರವಾಡಕ್ಕೆ ಹೋದದ್ದು ಹಸಿರು ಬಣ್ಣದ ತಗಡಿನ ಟ್ರಂಕು ಹೊತ್ತುಕೊಂಡು. ಇಂದಿನ ಮಕ್ಕಳು ಅದನ್ನು ಕಂಡು ಮೂಗು ಮುರಿಯುವರು. ಗಾಲಿಯ ಸೂಟ್‌ಕೇಸು ಹಗುರವೆಂಬುದು ನಿಜ. ನಿಲ್ದಾಣದ ನುಣುಪು ನೆಲದ ಮೇಲೆ ಅದು ಆನಂದವಾಗಿ ಉರುಳುತ್ತದೆ. ಮೂರನೆಯ ಮಹಡಿಯ ಮೆಟ್ಟಿಲುಗಳನ್ನು ಏರುವಾಗ ಗಾಲಿ ಏನು ಮಾಡೀತು? ಇಲಿ ಟ್ರಂಕನ್ನು ಕಡಿಯದು, ಮಳೆನೀರು ಸುಲಭವಾಗಿ ನುಗ್ಗದು, ಬೀಗ ಗಟ್ಟಿಯಾಗಿ ಕೂಡುವುದು, ಅತಿಥಿ ಬಂದರೆ ಆಸನವಾಗುವುದು. ಕರಾವಳಿಯ ಗಾಳಿಗೆ ತುಕ್ಕು ಹಿಡಿಯುತ್ತದೆನ್ನುವವರು ಬಣ್ಣ ಬಳಿಸಿ, ಕೆಳಗೆ ಎರಡು ಇಟ್ಟಿಗೆಯಿಡಲಿ. ಬೀಗಕ್ಕೆ ಎರಡು ಕೈಗಳಿರಬೇಕು. ಒಂದನ್ನು ಪೆಟ್ಟಿಗೆಯಲ್ಲಿಯೇ ಇಟ್ಟು ಬೀಗ ಹಾಕುವ ಮಹಾನುಭಾವರೂ ಉಂಟು! ಬಟ್ಟೆಗಳ ನಡುವೆ ಒಣಗಿದ ಬೇವಿನೆಲೆ ಸಾಕು. ನುಸಿಗುಳಿಗೆ ಹಾಕುವುದಾದರೆ ತಿಂಡಿಯ ಡಬ್ಬಿಯಿಂದ ದೂರವಿಡಿರಿ, ಅದು ವಿಷ. ಹಳೆಯ ಮಂಚಗಳ ಸಂದಿನಲ್ಲಿ ತಿಗಣೆ ಇರುವುದುಂಟು. ಹೋದ ದಿನವೇ ಮಂಚವನ್ನು ಹೊರಗೆಳೆದು ಕುದಿಯುವ ನೀರನ್ನು ಸಂದುಗಳಿಗೆ ಹೊಯ್ಯುವುದು ಒಳ್ಳೆಯದು. ಅಡಿಗೆಯವರನ್ನು ವಿನಯದಿಂದ ಕೇಳಿದರೆ ನೀರು ಕೊಡುತ್ತಾರೆ.

ಔಷಧದ ಡಬ್ಬಿಯ ಬಗ್ಗೆ ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಜ್ವರಕ್ಕೆ ಪ್ಯಾರಾಸಿಟಮಾಲ್, ಗಾಯಕ್ಕೆ ಪಟ್ಟಿ ಮತ್ತು ಮುಲಾಮು, ವೈದ್ಯರು ದಿನನಿತ್ಯಕ್ಕೆ ಹೇಳಿದ್ದೇನಾದರೂ ಇದ್ದರೆ ಅದು ಮತ್ತು ಅವರ ಚೀಟಿ, ಓಆರ್‌ಎಸ್ ಪುಡಿಯ ನಾಲ್ಕು ಪೊಟ್ಟಣ. ನೀರು ಬದಲಾದಾಗ ಹೊಟ್ಟೆ ಕೆಡುವುದು ಸಾಮಾನ್ಯ. ಪುಡಿ ಇಲ್ಲದಾಗ ಒಂದು ಲೀಟರು ಶುದ್ಧವಾದ ನೀರಿಗೆ ಸಮತಟ್ಟಾದ ಆರು ಚಹಾ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು; ಇದನ್ನು ಕಾಗದದ ಮೇಲೆ ಬರೆದು ಡಬ್ಬಿಯ ಮುಚ್ಚಳಕ್ಕೆ ಅಂಟಿಸಿರಿ. ಹೆಣ್ಣುಮಕ್ಕಳಿಗೆ ತಿಂಗಳ ದಿನಗಳಲ್ಲಿ ಬೇಕಾದುದನ್ನು ತಾಯಂದಿರು ಸಂಕೋಚವಿಲ್ಲದೆ ಎರಡು ತಿಂಗಳಿಗಾಗುವಷ್ಟು ಇಡಲಿ. ಹೊಸ ಊರಿನಲ್ಲಿ ಅಂಗಡಿ ಗೊತ್ತಾಗುವವರೆಗೆ ಅದಕ್ಕಾಗಿ ಪರದಾಡಬಾರದು.

ಈಗ ಬುತ್ತಿ. ಇಲ್ಲಿ ನಾನು ತಾಯಂದಿರ ಪಕ್ಷ. ಬೇರೆಯದನ್ನೆಲ್ಲ ಕಡಿಮೆ ಮಾಡಿದರೂ ಬುತ್ತಿಯ ಡಬ್ಬಿಯನ್ನು ಕಡಿಮೆ ಮಾಡಬೇಡಿರಿ. ಆದರೆ ಯಾವುದು ಉಳಿಯುತ್ತದೆ, ಯಾವುದು ಕೆಡುತ್ತದೆಂಬ ವಿವೇಕವಿರಲಿ. ಕೆಡಿಸುವುದು ಮುಖ್ಯವಾಗಿ ತೇವ. ಕಟಕಟ ಒಣಗಿಸಿದ ಜೋಳದ ರೊಟ್ಟಿ ವಾರಗಟ್ಟಲೆ ಇರುವುದು ಅದರಲ್ಲಿ ನೀರಿನ ಅಂಶ ಉಳಿಯದಿರುವುದರಿಂದಲೇ. ಶೇಂಗಾ, ಗುರೆಳ್ಳು, ಅಗಸಿಯ ಚಟ್ನಿಪುಡಿಗಳೂ ಹಾಗೆಯೇ. ಮೈಸೂರು ಕಡೆಯವರ ಮೆಂತ್ಯದ ಹಿಟ್ಟೂ ಹಾಗೆಯೇ. ಒದ್ದೆ ಚಮಚೆ ಅದ್ದಿದರೆ ಮಾತ್ರ ಮೂರನೆಯ ದಿನ ಬೂಸರು. ಬೇಯಿಸಿದ ಬೇಳೆಯ ಹೂರಣದ ಹೋಳಿಗೆಗಿಂತ ಹುರಿದು ಪುಡಿಮಾಡಿದ ಶೇಂಗಾದ ಹೋಳಿಗೆ ಬಹಳ ದಿನ ಬಾಳುತ್ತದೆ. ಹಸಿ ಕೊಬ್ಬರಿ ಬಿದ್ದದ್ದು ಯಾವುದೂ ದೂರದ ಪ್ರಯಾಣಕ್ಕಲ್ಲ. ಚಕ್ಕುಲಿ ಕೋಡುಬಳೆಗಳು ತೇವದಿಂದ ಮೆತ್ತಗಾಗುವುದಲ್ಲದೆ, ಗಾಳಿ ಬೆಳಕು ತಗಲಿ ಎಣ್ಣೆ ಕಮಟು ಹಿಡಿಯುವುದು. ಅವಕ್ಕೆ ಗಾಜಿನ ಭರಣಿಗಿಂತ ಬಿಗಿಯಾದ ತಗಡಿನ ಡಬ್ಬಿ ಲೇಸು. ಇರುವೆಯ ಕಾಟಕ್ಕೆ ನೀರು ಹಾಕಿದ ತಾಟಿನಲ್ಲಿ ಡಬ್ಬಿಯನ್ನಿಡಬೇಕು. ಧಾರವಾಡಕ್ಕೆ ಹೋಗುವವನಿಗೆ ಪೇಢೆ ಕಟ್ಟಿಕೊಡುವವರನ್ನೂ ನಾನು ಕಂಡಿದ್ದೇನೆ. ಅದಕ್ಕೆ ಏನು ಹೇಳೋಣ!

ಬುತ್ತಿ ಒಬ್ಬನಿಗೆಂದು ಲೆಕ್ಕ ಹಾಕಬೇಡಿರಿ. ಕೋಣೆಯಲ್ಲಿ ಮೂವರು, ಪಕ್ಕದ ಕೋಣೆಯಲ್ಲಿ ಮೂವರು. ಮೊದಲ ರಾತ್ರಿಯ ಊಟ ಸೇರದೆ, ಮನೆಯ ನೆನಪಾಗಿ, ಯಾರೂ ಯಾರೊಡನೆಯೂ ಮಾತನಾಡದ ಹೊತ್ತಿನಲ್ಲಿ ಡಬ್ಬಿ ತೆರೆದವನ ಸುತ್ತ ಆರು ಜನ ಕೂಡುತ್ತಾರೆ. ಯಾವ ಊರು, ಯಾವ ವಿಷಯ, ನಿಮ್ಮ ಕಡೆ ಚಟ್ನಿಗೆ ಬೆಳ್ಳುಳ್ಳಿ ಹಾಕುತ್ತಾರೆಯೇ ಎಂಬಲ್ಲಿಂದ ಸ್ನೇಹ ಆರಂಭವಾಗುತ್ತದೆ. ಮಗನ ತಿಂಡಿಯನ್ನು ಬೇರೆಯವರು ನಾಲ್ಕೇ ದಿನದಲ್ಲಿ ಮುಗಿಸಿದರೆಂದು ತಾಯಿ ಕೊರಗಬಾರದು. ಅವನು ಮುಂದಿನ ತಿಂಗಳು ಇತರರ ಡಬ್ಬಿಗಳನ್ನು ಮುಗಿಸುವನು.

ಕೆಲವು ಮಕ್ಕಳು ಮನೆಯ ರೇಡಿಯೋವನ್ನೇ ಒಯ್ಯುವೆವೆಂದು ಹಟ ಹಿಡಿಯುತ್ತಾರೆ. ಬಾನುಲಿಯ ಪತ್ರಿಕೆಯಲ್ಲಿ ಇದನ್ನು ಬೇಡವೆನ್ನುವುದು ಹೇಗೆ? ಸಣ್ಣದೊಂದು ಟ್ರಾನ್ಸಿಸ್ಟರ್ ಆಗಬಹುದು. ಫೋನಿನಲ್ಲಿ ಕೇಳಿದರೂ ಆಗಬಹುದು. ಕಿವಿಗೆ ಸಿಕ್ಕಿಸುವ ತಂತಿ ಮಾತ್ರ ಜೊತೆಗಿರಲಿ. ನಿಮಗೆ ಇಂಪಾದ ರಾಗ ನಿದ್ರೆಯಲ್ಲಿರುವ ಸಹವಾಸಿಗೆ ಇಂಪಾಗದು.

ಎಲ್ಲವನ್ನೂ ಆರಿಸಿದ ಮೇಲೆ ಹೊರಡುವ ಹಿಂದಿನ ದಿನ ಒಂದು ಕೆಲಸ ಮಾಡಿರಿ. ಪೆಟ್ಟಿಗೆ, ಹಾಸಿಗೆಯ ಸುರುಳಿ, ಹೆಗಲ ಚೀಲ ಮೂರನ್ನೂ ಹುಡುಗನೇ ಎತ್ತಿಕೊಂಡು ನಿಮ್ಮ ಓಣಿಯ ಕೊನೆಯವರೆಗೆ ಹೋಗಿ ಬರಲಿ. ನಡುವೆ ಎರಡಕ್ಕಿಂತ ಹೆಚ್ಚು ಸಲ ಇಳಿಸಿದನಾದರೆ ಪೆಟ್ಟಿಗೆಯನ್ನು ತೆರೆದು ಅವನ ಕೈಯಿಂದಲೇ ಕಡಿಮೆ ಮಾಡಿಸಿರಿ. ತುಂಬುವಾಗ ಎಲ್ಲಿ ಏನಿದೆಯೆಂಬುದು ಅವನಿಗೆ ತಿಳಿದಿರುತ್ತದೆ. ತಾಯಿ ತುಂಬಿದ ಪೆಟ್ಟಿಗೆಯಲ್ಲಿ ಸಾಬೂನು ಹುಡುಕಲು ಮೊದಲ ದಿನ ಎಲ್ಲವನ್ನೂ ಮಂಚದ ಮೇಲೆ ಸುರಿದು, ಅಪರಿಚಿತರ ಮುಂದೆ ಮಡಿಸುತ್ತ ಕೂಡುವ ಪ್ರಸಂಗ ಬಾರದು. ತಾಯಿಗೆ ಅವನಿಗೆ ತಿಳಿಸದೆ ಏನಾದರೊಂದನ್ನು ಇಡಬೇಕೆನ್ನಿಸಿದರೆ ಇಡಲಿ. ಒಂದೇ ಒಂದು, ಚಿಕ್ಕದು.

ಬಕೀಟು, ಚೊಂಬು, ಪೊರಕೆ, ಬಟ್ಟೆಯ ಹ್ಯಾಂಗರು ಇವನ್ನು ಇಲ್ಲಿಂದ ಒಯ್ಯಬೇಡಿರಿ. ಕಾಲೇಜು ಇರುವ ಊರಿನ ಪೇಟೆಯಲ್ಲಿ ಅವು ಧಾರಾಳವಾಗಿ ಸಿಕ್ಕುತ್ತವೆ. ಬಿಡಲು ಹೋದ ತಂದೆ ಹಿಂತಿರುಗುವ ಬಸ್ಸಿಗೆ ಇನ್ನೂ ಒಂದು ಗಂಟೆ ಇರುವುದಷ್ಟೆ. ಆ ಹೊತ್ತಿನಲ್ಲಿ ಮಗಳೊಡನೆ ಅಂಗಡಿಗೆ ಹೋಗಿ, ಬಕೀಟಿನ ಬಣ್ಣವನ್ನು ಅವಳೇ ಆರಿಸಲಿ ಎಂದು ಬಿಟ್ಟು, ಹಣ ಕೊಟ್ಟು ಬರಬಹುದು.